ಸಿ.ಟಿ. ಸ್ಕ್ಯಾನ್: ಸಿದ್ಧತೆ ಮತ್ತು ತಪಾಸಣೆ — ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಸಂದರ್ಭದಲ್ಲಿ

ಸಿ.ಟಿ. ಸ್ಕ್ಯಾನ್ ಎಂಬುದು ಒಂದು ರೋಗನಿದಾನ ವಿಧಾನ. ಇದರಲ್ಲಿ ಎಕ್ಸ್-ಕಿರಣದ ಕೊಳವೆಯನ್ನು ದೇಹದ ಸುತ್ತ ತಿರುಗಿಸಿ, ದೇಹವನ್ನು ಹಾಯ್ದು ಹೊರಬಂದ ಕಿರಣಗಳನ್ನು ಎಲ್ಲ ಕೋನಗಳಿಂದ ಅಳೆದು, ಆ ಅಳತೆಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಒಳಾಂಗಗಳ ಅಡ್ಡಕೊಯ್ತದ ಚಿತ್ರಗಳನ್ನು ಪಡೆಯಲಾಗುತ್ತದೆ. ಪೂರ್ಣ ಹೆಸರು ಕಂಪ್ಯೂಟೆಡ್ ಟೊಮೋಗ್ರಫಿ. ಈ ಲೇಖನದಲ್ಲಿ ರಕ್ತನಾಳಕ್ಕೆ ಕೊಡುವ ಅಯೋಡಿನ್‌ಯುಕ್ತ ದ್ರವವನ್ನು ‘ಕಾಂಟ್ರಾಸ್ಟ್’ ಎಂದೂ, ಯಂತ್ರ ನಡೆಸುವವರನ್ನು ‘ಟೆಕ್ನಿಷಿಯನ್’ ಎಂದೂ, ಚಿತ್ರ ಓದಿ ವರದಿ ಬರೆಯುವ ವೈದ್ಯರನ್ನು ‘ರೇಡಿಯಾಲಜಿಸ್ಟ್’ ಎಂದೂ ಕರೆಯಲಾಗಿದೆ. ಜನರ ಮಾತಿನಲ್ಲಿ ಕಾಂಟ್ರಾಸ್ಟಿಗೆ ‘ಡೈ’ ಎಂಬ ಹೆಸರೇ ರೂಢಿ.

ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಸಿ.ಟಿ. ಜಿಲ್ಲಾ ಆಸ್ಪತ್ರೆ ಮಟ್ಟದ ಸೌಲಭ್ಯ. ಹಾಗಾಗಿ ಗದಗ ಜಿಲ್ಲೆಯ ಉತ್ತರ ಭಾಗದ ಈ ಮೂರು ತಾಲ್ಲೂಕುಗಳ ರೋಗಿಗೆ ಸರ್ಕಾರಿ ತಪಾಸಣೆ ಬೇಕೆಂದರೆ ಗದಗ ಇಲ್ಲವೇ ಹುಬ್ಬಳ್ಳಿಯ ದಾರಿ ಹಿಡಿಯಬೇಕು. ಯಂತ್ರದ ಮೇಲೆ ಮಲಗುವುದು ಕೆಲವೇ ನಿಮಿಷ. ಬಸ್ಸು, ಸರದಿ, ವರದಿ ಸೇರಿ ಹೋಗುವುದು ಇಡೀ ದಿನ. ಮನೆಯಲ್ಲಿ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಆಗಬೇಕಿದ್ದ ಒಂದು ಸಣ್ಣ ಸಿದ್ಧತೆ ತಪ್ಪಿದರೂ ಆ ದಿನವೇ ವ್ಯರ್ಥವಾಗಬಹುದು. ಈ ಲೇಖನದಲ್ಲಿ ಪೂರ್ವಸಿದ್ಧತೆಯ ಭಾಗ ಉಳಿದವಕ್ಕಿಂತ ದೀರ್ಘವಾಗಿರುವುದು ಅದಕ್ಕಾಗಿ.

ಉಗಮ

ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ 1895ರ ನವೆಂಬರಿನಲ್ಲಿ ಎಕ್ಸ್-ಕಿರಣಗಳನ್ನು ಕಂಡುಹಿಡಿದ. ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಮುಂದಿನ ಅಂಗ, ಹಿಂದಿನ ಅಂಗ ಒಂದರ ಮೇಲೊಂದು ಬೀಳುತ್ತವೆ. ತಲೆಬುರುಡೆಯೊಳಗಿನ ಮಿದುಳಂತೂ ಅದರಲ್ಲಿ ಕಾಣುವುದೇ ಇಲ್ಲ. ಹಲವು ಕೋನಗಳ ಅಳತೆಗಳಿಂದ ವಸ್ತುವಿನ ಒಳರಚನೆಯನ್ನು ಮತ್ತೆ ಕಟ್ಟಬಹುದೆಂಬ ಗಣಿತವನ್ನು ಆಸ್ಟ್ರಿಯಾದ ಯೋಹಾನ್ ರಾಡಾನ್ 1917ರಲ್ಲೇ ಬರೆದಿಟ್ಟಿದ್ದ. ದಕ್ಷಿಣ ಆಫ್ರಿಕಾ ಮೂಲದ ಭೌತವಿಜ್ಞಾನಿ ಅಲನ್ ಕಾರ್ಮಾಕ್ ಇದೇ ಸಮಸ್ಯೆಗೆ ತನ್ನದೇ ದಾರಿಯಲ್ಲಿ ಪರಿಹಾರ ಕಂಡುಕೊಂಡು 1963 ಮತ್ತು 1964ರಲ್ಲಿ ಪ್ರಕಟಿಸಿದಾಗ ಅದನ್ನು ಹೆಚ್ಚಿನವರು ಗಮನಿಸಲಿಲ್ಲ.

ಯಂತ್ರವನ್ನು ಕಟ್ಟಿದವನು ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಭಾಗದ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ, ಮಿದುಳಿನಲ್ಲಿ ಗಡ್ಡೆಯಿರುವ ಶಂಕೆಯಿದ್ದ ಮಹಿಳೆಯೊಬ್ಬರ ತಲೆಯ ಚಿತ್ರ ತೆಗೆಯಲಾಯಿತು. ರೋಗಿಯ ಮೇಲೆ ನಡೆದ ಮೊದಲ ಸಿ.ಟಿ. ಅದು. ಆ ಯಂತ್ರ ತಲೆಗೆ ಮಾತ್ರ ಒದಗುತ್ತಿತ್ತು; ಒಂದೊಂದು ಪದರಕ್ಕೂ ನಿಮಿಷಗಟ್ಟಲೆ ಹಿಡಿಯುತ್ತಿತ್ತು; ಚಿತ್ರ ಬರೀ 80 ಅಡ್ಡ ಸಾಲು, 80 ಉದ್ದ ಸಾಲಿನ ಚೌಕಗಳದ್ದು. ವೈದ್ಯಕೀಯ ಪದವಿಯಿಲ್ಲದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ ಇಬ್ಬರಿಗೂ 1979ರ ವೈದ್ಯಕೀಯ ನೊಬೆಲ್ ಬಹುಮಾನ ಬಂತು. ಇಡೀ ದೇಹದ ಯಂತ್ರಗಳು 1970ರ ದಶಕದ ನಡುವಿನಲ್ಲೇ ಬಂದವು. 1989ರ ಹೊತ್ತಿಗೆ ಸುರುಳಿಯಾಕಾರದ ಸ್ಕ್ಯಾನ್, 1998ರಲ್ಲಿ ಒಂದೇ ಸುತ್ತಿಗೆ ನಾಲ್ಕು ಪದರ ತೆಗೆಯುವ ಯಂತ್ರ ಬಂದ ಮೇಲೆ ಎದೆಯ ತಪಾಸಣೆ ಒಂದೇ ಉಸಿರಿನಲ್ಲಿ ಮುಗಿಯುವಂತಾಯಿತು.

ರಚನೆ ಮತ್ತು ಕಾರ್ಯ

ಯಂತ್ರದಲ್ಲಿ ಎದ್ದು ಕಾಣುವುದು ಗ್ಯಾಂಟ್ರಿ ಎಂಬ ದೊಡ್ಡ ಬಳೆಯಾಕಾರದ ಭಾಗ. ಅದರ ನಡುವಿನ ತೂತಿನ ಅಡ್ಡಳತೆ ಸಾಮಾನ್ಯವಾಗಿ 70ರಿಂದ 80 ಸೆಂ.ಮೀ. ಎರಡೂ ಕಡೆ ಬಯಲಾಗಿರುವುದರಿಂದ ಎಂ.ಆರ್.ಐ. ಯಂತ್ರದ ಸುರಂಗದಲ್ಲಿ ಉಸಿರುಗಟ್ಟಿದಂತಾಗುವವರಿಗೂ ಇಲ್ಲಿ ಅಷ್ಟು ತೊಂದರೆಯಾಗದು. ಗ್ಯಾಂಟ್ರಿಯ ಹೊದಿಕೆಯೊಳಗೆ ಒಂದು ಬದಿಗೆ ಎಕ್ಸ್-ಕಿರಣದ ಕೊಳವೆ, ಎದುರು ಬದಿಗೆ ಶೋಧಕಗಳ ಸಾಲು ಇರುತ್ತವೆ. ಇವೆರಡೂ ಕೂಡಿ ಸೆಕೆಂಡಿಗೆ ಒಂದರಿಂದ ಮೂರು ಸುತ್ತು ಹಾಕುತ್ತವೆ. ಕೊಳವೆಗೆ ಕೊಡುವ ವಿದ್ಯುತ್ ಒತ್ತಡ 80ರಿಂದ 140 ಕಿಲೋವೋಲ್ಟ್. ರೋಗಿ ಮಲಗಿದ ಮೇಜು ಇದೇ ವೇಳೆ ತೂತಿನೊಳಗೆ ಜಾರುವುದರಿಂದ ಕಿರಣದ ಹಾದಿ ದೇಹದ ಸುತ್ತ ಸುರುಳಿಯಾಗುತ್ತದೆ.

ಚಿತ್ರದ ಪ್ರತಿ ಚುಕ್ಕೆಯ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಹೇಳುತ್ತಾರೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000 ಎಂದು ನಿಗದಿಯಾಗಿದೆ. ಕೊಬ್ಬು ಮೈನಸ್ 100ರ ಆಸುಪಾಸು, ಮಿದುಳು 25ರಿಂದ 40, ಆಗತಾನೇ ಹೆಪ್ಪುಗಟ್ಟಿದ ರಕ್ತ 50ರಿಂದ 80, ಗಟ್ಟಿ ಮೂಳೆ ಸಾವಿರದ ಆಚೆ. ತಲೆಗೆ ಪೆಟ್ಟಾದವರ ಚಿತ್ರದಲ್ಲಿ ರಕ್ತಸ್ರಾವ ಬೂದು ಮಿದುಳಿನ ನಡುವೆ ಬಿಳಿಯ ತೇಪೆಯಾಗಿ ಕಾಣುವುದು ಈ ಅಂತರದಿಂದಲೇ.

ಪ್ರಕಾರಗಳು

ಕಾಂಟ್ರಾಸ್ಟ್ ಕೊಡದೆ ತೆಗೆಯುವುದು ಸಾದಾ ಸಿ.ಟಿ.; ವೈದ್ಯರ ಚೀಟಿಯಲ್ಲಿ ‘ಪ್ಲೇನ್’ ಎಂದಿರುತ್ತದೆ. ತಲೆಪೆಟ್ಟು, ಪಾರ್ಶ್ವವಾಯುವಿನ ಮೊದಲ ತಪಾಸಣೆ, ಮೂತ್ರದ ಕಲ್ಲು, ಮೂಳೆಮುರಿತಗಳಿಗೆ ಇಷ್ಟೇ ಸಾಕು. ಗಡ್ಡೆ, ಬಾವು, ಕ್ಯಾನ್ಸರಿನ ಹರಡುವಿಕೆ, ಕರುಳಿನ ತೊಂದರೆಗಳನ್ನು ನೋಡಲು ಕಾಂಟ್ರಾಸ್ಟ್ ಸಿ.ಟಿ. ಬೇಕು. ಯಕೃತ್ತಿನ ಗಡ್ಡೆಗೆ ಕಾಂಟ್ರಾಸ್ಟ್ ಹರಿಯುವ ಬೇರೆಬೇರೆ ಹಂತಗಳಲ್ಲಿ ಮೂರು ಸಲ ಚಿತ್ರ ತೆಗೆಯುವುದುಂಟು. ರಕ್ತನಾಳಗಳನ್ನಷ್ಟೇ ಎತ್ತಿ ತೋರಿಸುವುದು ಸಿ.ಟಿ. ಆಂಜಿಯೋಗ್ರಾಂ. ಎಚ್.ಆರ್.ಸಿ.ಟಿ. ಎಂಬುದು ಶ್ವಾಸಕೋಶದ ತೆಳುಪದರಗಳ ಚಿತ್ರ. ಕೋವಿಡ್ ಕಾಲದಲ್ಲಿ 25ಕ್ಕೆ ಇಷ್ಟು ಎಂಬ ಅಂಕದೊಂದಿಗೆ ಈ ಹೆಸರು ಹಳ್ಳಿಹಳ್ಳಿಗೂ ತಲುಪಿತು. ಸಿ.ಟಿ. ಚಿತ್ರ ನೋಡಿಕೊಂಡು ಸೂಜಿ ಇಳಿಸಿ ಗಡ್ಡೆಯ ತುಣುಕು ತೆಗೆಯುವುದು, ಕೀವು ಬಸಿಯುವುದು ಚಿಕಿತ್ಸೆಯ ಕಡೆಗೆ ಹತ್ತಿರವಾದ ಬಳಕೆಗಳು.

ಉಪಯೋಗಗಳು

ಈ ಭಾಗದಲ್ಲಿ ಸಿ.ಟಿ.ಗೆ ಕಳಿಸುವ ಸಂದರ್ಭಗಳು ಬೇರೆ ಕಡೆಯವಕ್ಕಿಂತ ತೀರ ಭಿನ್ನವಲ್ಲ. ನರಗುಂದದ ಮೂಲಕ ಹಾಯುವ ಹುಬ್ಬಳ್ಳಿ–ವಿಜಯಪುರ ರಾಷ್ಟ್ರೀಯ ಹೆದ್ದಾರಿ 52ರಂಥ ರಸ್ತೆಗಳ ಬೈಕ್ ಅಪಘಾತ, ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಉರುಳಿಯೋ ಬಣವೆಯಿಂದ ಬಿದ್ದೋ ಆಗುವ ತಲೆಪೆಟ್ಟು ಮೊದಲ ಗುಂಪಿನವು. ಪೆಟ್ಟಾದ ಮೇಲೆ ಎಚ್ಚರ ತಪ್ಪಿದ್ದರೆ, ಪದೇ ಪದೇ ವಾಂತಿಯಾದರೆ, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರು ಸೋರಿದರೆ, ಫಿಟ್ಸ್ ಬಂದರೆ ಸಿ.ಟಿ. ತಡಮಾಡುವಂತಿಲ್ಲ.

ಪಾರ್ಶ್ವವಾಯು, ಅಂದರೆ ಲಕ್ವ ಹೊಡೆದಾಗ, ಕಾರಣ ರಕ್ತನಾಳ ಕಟ್ಟಿಕೊಂಡದ್ದೋ ಒಡೆದದ್ದೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಕಂಡ ನಾಲ್ಕೂವರೆ ತಾಸಿನೊಳಗೆ ಕೊಡುವುದು ರೂಢಿಯ ಮಿತಿ. ನಾಳ ಒಡೆದಿದ್ದರೆ ಅದೇ ಔಷಧ ಪ್ರಾಣಾಪಾಯ ತರುತ್ತದೆ. ಆದ್ದರಿಂದ ಸಿ.ಟಿ. ನೋಡದೆ ಅದನ್ನು ಕೊಡುವುದಿಲ್ಲ. ನಾಳ ಕಟ್ಟಿದ ಲಕ್ವದಲ್ಲಿ ಮೊದಲ ಕೆಲವು ತಾಸು ಸಾದಾ ಸಿ.ಟಿ. ಸಹಜವಾಗಿಯೇ ಕಾಣಬಹುದು. ವರದಿ ‘ನಾರ್ಮಲ್’ ಬಂತೆಂದು ರೋಗಿಯನ್ನು ಊರಿಗೆ ವಾಪಸು ಕರೆತರುವುದು ಅಪಾಯದ ಕೆಲಸ.

ಟೊಂಕದಿಂದ ತೊಡೆಸಂದಿಗೆ ಇಳಿಯುವ ಕಲ್ಲಿನ ನೋವಿಗೆ ಅಲ್ಟ್ರಾಸೌಂಡ್ ಮೊದಲು. ಅದರಲ್ಲಿ ತಿಳಿಯದಿದ್ದರೆ ಸಾದಾ ಸಿ.ಟಿ. ಕಲ್ಲಿನ ಗಾತ್ರವನ್ನೂ ಜಾಗವನ್ನೂ ಮಿಲಿಮೀಟರಿನ ಲೆಕ್ಕದಲ್ಲಿ ಹೇಳುತ್ತದೆ. ಹೊಸದಾಗಿ ಫಿಟ್ಸ್ ಬಂದವರಲ್ಲಿ ಮಿದುಳಿನ ಕ್ಷಯದ ಗಂಟು, ಲಾಡಿಹುಳುವಿನ ಕೋಶ ಹುಡುಕಲು ಕಾಂಟ್ರಾಸ್ಟ್ ಸಿ.ಟಿ. ಬಳಕೆಯಲ್ಲಿದೆ. ಗದಗ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬೆನ್ನುಮೂಳೆ ಅತಿಯಾಗಿ ಗಟ್ಟಿಯಾಗಿ, ಸುತ್ತಲಿನ ಕಟ್ಟುನಾರುಗಳು ಮೂಳೆಗಟ್ಟಿ, ಬೆನ್ನುಹುರಿಯ ನಾಳ ಕಿರಿದಾಗಬಹುದು. ಮೂಳೆಯ ಈ ಬದಲಾವಣೆಯನ್ನು ಸಿ.ಟಿ. ಚೆನ್ನಾಗಿ ತೋರಿಸುತ್ತದೆ, ಹುರಿಗೆ ಎಷ್ಟು ಪೆಟ್ಟಾಗಿದೆ ಎಂದು ತಿಳಿಯಲು ಎಂ.ಆರ್.ಐ. ಬೇಕು. ಕೀಲಿನ ಮೆದು ಭಾಗ, ನರ, ಡಿಸ್ಕಿನ ತೊಂದರೆಗಳಿಗೂ ಎಂ.ಆರ್.ಐ. ಸರಿಯಾದ ತಪಾಸಣೆ. ಪಿತ್ತಕೋಶದ ಕಲ್ಲು ಮತ್ತು ಗರ್ಭದ ತಪಾಸಣೆ ಅಲ್ಟ್ರಾಸೌಂಡಿನ ಕ್ಷೇತ್ರ.

ಪೂರ್ವಸಿದ್ಧತೆ

ಮೊದಲ ಪ್ರಶ್ನೆ: ಚೀಟಿಯಲ್ಲಿ ಬರೆದಿರುವುದು ಸಾದಾ ಸಿ.ಟಿ.ಯೋ ಕಾಂಟ್ರಾಸ್ಟ್ ಸಿ.ಟಿ.ಯೋ? ಇದನ್ನು ಬರೆದುಕೊಟ್ಟ ವೈದ್ಯರಲ್ಲೇ ಕೇಳಿ ತಿಳಿದುಕೊಳ್ಳಬೇಕು. ಸಾದಾ ಸಿ.ಟಿ.ಗೆ ಉಪವಾಸ ಬೇಡ, ರಕ್ತಪರೀಕ್ಷೆ ಬೇಡ. ಮುಂದೆ ಹೇಳುವುದು ಬಹುಪಾಲು ಕಾಂಟ್ರಾಸ್ಟಿಗೆ ಅನ್ವಯಿಸುವ ವಿಷಯ.

ಕಾಂಟ್ರಾಸ್ಟ್ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಆದ್ದರಿಂದ ಸೀರಮ್ ಕ್ರಿಯಾಟಿನಿನ್ ಪರೀಕ್ಷೆಯ ಇತ್ತೀಚಿನ ವರದಿ ಬೇಕಾಗುತ್ತದೆ, ವಿಶೇಷವಾಗಿ ವಯಸ್ಸಾದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರಲ್ಲಿ. ಇದು ಸಾಮಾನ್ಯ ರಕ್ತಪರೀಕ್ಷೆ. ತಾಲ್ಲೂಕು ಮಟ್ಟದ ಪ್ರಯೋಗಾಲಯದಲ್ಲೇ ಮಾಡಿಸಿ ವರದಿಯನ್ನು ಜೊತೆಗೆ ಒಯ್ಯಬಹುದು. ಗದಗಕ್ಕೋ ಹುಬ್ಬಳ್ಳಿಗೋ ಹೋದ ಮೇಲೆ ರಕ್ತ ಕೊಟ್ಟು ವರದಿಗೆ ಕಾಯುತ್ತ ಕೂತರೆ ಸ್ಕ್ಯಾನಿನ ಸರದಿ ಸಂಜೆಗೆ, ಕೆಲವೊಮ್ಮೆ ಮರುದಿನಕ್ಕೆ ಜಾರುತ್ತದೆ. ಹೊರಡುವ ಮುನ್ನ ಮಾಡಿ ಮುಗಿಸಬಹುದಾದ ಕೆಲಸಗಳಲ್ಲಿ ಇದರಷ್ಟು ಸಮಯ ಉಳಿಸುವುದು ಇನ್ನೊಂದಿಲ್ಲ.

ಹೆಚ್ಚಿನ ಕೇಂದ್ರಗಳು ಕಾಂಟ್ರಾಸ್ಟಿಗೆ ಮುನ್ನ ನಾಲ್ಕು ತಾಸು ಏನೂ ತಿನ್ನದಿರಲು ಹೇಳುತ್ತವೆ. ಈಗಿನ ಕಾಂಟ್ರಾಸ್ಟ್ ದ್ರವಗಳಿಗೆ ಈ ಉಪವಾಸ ಅಗತ್ಯವಿಲ್ಲವೆಂದು ಯುರೋಪಿನ ಮೂತ್ರಜನನಾಂಗ ವಿಕಿರಣಶಾಸ್ತ್ರ ಸಂಘದ ಮಾರ್ಗಸೂಚಿ ಹೇಳಿದ್ದರೂ, ವಾಂತಿಯ ಭಯದಿಂದ ರೂಢಿ ಮುಂದುವರಿದಿದೆ. ಆಯಾ ಕೇಂದ್ರ ಹೇಳಿದಂತೆ ನಡೆದುಕೊಳ್ಳುವುದೇ ಸರಿ. ಆದರೆ ನಾಲ್ಕು ತಾಸು ಎಂದದ್ದು ಹಿಂದಿನ ರಾತ್ರಿಯಿಂದ ಹನಿ ನೀರೂ ಇಲ್ಲದ ನಿರಾಹಾರವಾಗಿ ಬೆಳೆಯುವುದುಂಟು. ಅದು ತಪ್ಪು. ನೀರನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಮೈಯಲ್ಲಿ ನೀರಿನಂಶ ಇದ್ದರೆ ಮೂತ್ರಪಿಂಡಕ್ಕೆ ಒಳ್ಳೆಯದು, ಕೈಯಲ್ಲಿ ನರ ಸಿಗುವುದೂ ಸುಲಭ. ನಸುಕಿನ ಬಸ್ಸಿಗೆ ಗಜೇಂದ್ರಗಡ ಬಿಟ್ಟು ಮಧ್ಯಾಹ್ನ ಸರದಿ ಬರುವ ರೋಗಿ ಬೆಳಿಗ್ಗೆ ಹಗುರವಾಗಿ ತಿಂದು ಹೊರಡಬಹುದೇ ಎಂದು ಕೇಂದ್ರಕ್ಕೆ ಮೊದಲೇ ಕೇಳಿಕೊಳ್ಳುವುದು ಲೇಸು.

ಸಕ್ಕರೆ ಕಾಯಿಲೆಯವರಿಗೆ ಎಲ್ಲರಿಗಿಂತ ಹೆಚ್ಚಿನ ಎಚ್ಚರ ಬೇಕು. ಊಟ ಬಿಟ್ಟು ಇನ್ಸುಲಿನ್ ಚುಚ್ಚಿಕೊಂಡು ಅಥವಾ ಮಾತ್ರೆ ನುಂಗಿ ಬಸ್ ಹತ್ತಿದರೆ ದಾರಿಯಲ್ಲೇ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಅಂದಿನ ಔಷಧದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ಹೊರಡಬೇಕು. ಕಿಸೆಯಲ್ಲಿ ಸಕ್ಕರೆಯೋ ಬೆಲ್ಲವೋ, ಸ್ಕ್ಯಾನ್ ಮುಗಿದ ಕೂಡಲೇ ಬಿಚ್ಚಲು ರೊಟ್ಟಿಯ ಬುತ್ತಿಯೋ ಜೊತೆಗಿರಬೇಕು. ಮೆಟ್‌ಫಾರ್ಮಿನ್ ಮಾತ್ರೆಯ ವಿಷಯ ಬೇರೆ. ಮೂತ್ರಪಿಂಡ ಚೆನ್ನಾಗಿದ್ದವರು ಅದನ್ನು ನಿಲ್ಲಿಸುವ ಅಗತ್ಯವಿಲ್ಲ. ಮೂತ್ರಪಿಂಡ ತೀರ ದುರ್ಬಲವಾಗಿದ್ದರೆ ಕಾಂಟ್ರಾಸ್ಟ್ ಕೊಟ್ಟ ಹೊತ್ತಿನಿಂದ 48 ತಾಸು ನಿಲ್ಲಿಸಿ, ಕ್ರಿಯಾಟಿನಿನ್ ಮತ್ತೆ ನೋಡಿ ಶುರುಮಾಡುತ್ತಾರೆ. ರಕ್ತದೊತ್ತಡ, ಹೃದಯ, ಫಿಟ್ಸ್ ಮಾತ್ರೆಗಳನ್ನು ಎಂದಿನಂತೆ ಗುಟುಕು ನೀರಿನೊಡನೆ ತೆಗೆದುಕೊಳ್ಳಬೇಕು.

ಹಿಂದೆ ಕಾಂಟ್ರಾಸ್ಟ್ ಕೊಟ್ಟಾಗ ಮೈ ತುರಿಸಿದ್ದು, ಮುಖ ಬಾತದ್ದು, ಉಸಿರು ಕಟ್ಟಿದ್ದು ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ಆಸ್ತಮಾ, ಥೈರಾಯ್ಡ್ ಕಾಯಿಲೆ, ಬೇರೆ ಔಷಧಗಳ ಅಲರ್ಜಿ ಇದ್ದರೂ ತಿಳಿಸಬೇಕು. ಮೀನು, ಸೀಗಡಿ ಒಗ್ಗದವರಿಗೆ ಅಯೋಡಿನ್ ಕಾಂಟ್ರಾಸ್ಟ್ ಆಗದು ಎಂಬ ನಂಬಿಕೆಗೆ ಆಧಾರವಿಲ್ಲ. ತೊಗಲಿನಡಿ ಒಂದು ಹನಿ ಚುಚ್ಚಿ ನೋಡುವ ‘ಟೆಸ್ಟ್ ಡೋಸ್’ ಮುಂದೆ ಆಗಲಿರುವ ತೀವ್ರ ಪ್ರತಿಕ್ರಿಯೆಯನ್ನು ನಂಬುವಂತೆ ಮುನ್ಸೂಚಿಸುವುದಿಲ್ಲ. ಅಪಾಯವಿದ್ದವರಿಗೆ ಮುಂಚಿತವಾಗಿ ಸ್ಟೀರಾಯ್ಡ್ ಮಾತ್ರೆ ಕೊಡುವ ಕ್ರಮವಿದೆ. ಅದು ಹಲವು ತಾಸು ಮೊದಲೇ ಶುರುವಾಗಬೇಕಾದ್ದರಿಂದ ಈ ಮಾತು ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನೆನಪಾದರೆ ಉಪಯೋಗವಿಲ್ಲ.

ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ, ಮುಟ್ಟು ತಪ್ಪಿದ್ದರೆ, ಮೊದಲೇ ಹೇಳಬೇಕು. ಮನೆಯ ಹಿರಿಯರ ಎದುರು ಹೇಳಲು ಹಿಂಜರಿಯುವ ಹುಡುಗಿಯರನ್ನು ಸಿಬ್ಬಂದಿ ಪ್ರತ್ಯೇಕವಾಗಿ ಕೇಳುವುದು ಒಳ್ಳೆಯ ಪದ್ಧತಿ. ಗರ್ಭಿಣಿಗೆ ಸಿ.ಟಿ. ಸಂಪೂರ್ಣ ನಿಷಿದ್ಧವೇನಲ್ಲ, ತಲೆಯ ಸ್ಕ್ಯಾನಿನಲ್ಲಿ ಗರ್ಭಕ್ಕೆ ತಾಗುವ ವಿಕಿರಣ ಅತ್ಯಲ್ಪ. ಪ್ರಾಣಕ್ಕೆ ಸಂಚಕಾರವಿದ್ದಾಗ ತಪಾಸಣೆ ನಡೆಯುತ್ತದೆ. ಹಾಲುಣಿಸುವ ತಾಯಿ ಕಾಂಟ್ರಾಸ್ಟಿನ ನಂತರ ಹಾಲು ನಿಲ್ಲಿಸಬೇಕಿಲ್ಲ.

ಲೋಹ ಎಕ್ಸ್-ಕಿರಣವನ್ನು ತಡೆದು ಚಿತ್ರದಲ್ಲಿ ನಕ್ಷತ್ರದಂತೆ ಬಿಳಿ ಕಪ್ಪು ಗೆರೆಗಳನ್ನು ಎಬ್ಬಿಸುತ್ತದೆ. ಆದ್ದರಿಂದ ಚಿತ್ರ ತೆಗೆಯುವ ಭಾಗದಲ್ಲಿರುವ ಒಡವೆಗಳನ್ನು ತೆಗೆದಿಡಬೇಕು. ತಲೆಗಾದರೆ ಜಡೆಪಿನ್ನು, ಬೆಂಡೋಲೆ, ಮೂಗುತಿ, ತೆಗೆಯಬರುವ ಹಲ್ಲಿನ ಸೆಟ್ಟು, ಕನ್ನಡಕ. ಎದೆಗಾದರೆ ತಾಳಿ, ಬೋರಮಾಳ, ತಾಯಿತ. ಹೊಟ್ಟೆಗಾದರೆ ಬೆಳ್ಳಿಯ ಉಡದಾರ, ಬೆಲ್ಟು, ಕಿಸೆಯ ಚಿಲ್ಲರೆ. ಬಸ್ಸಿನ ಪ್ರಯಾಣವಿರುವುದರಿಂದ ಇವನ್ನು ಮನೆಯಲ್ಲೇ ಬಿಟ್ಟು ಬರುವುದು ಜಾಣತನ. ಕೈ ಚಿತ್ರದೊಳಗೆ ಬಾರದಿದ್ದರೆ ಬಳೆಗಳನ್ನು ತೆಗೆಯಬೇಕಾಗಿಲ್ಲ. ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ ಧರಿಸಿದವರು ಅದನ್ನು ಮೈಯಿಂದ ಅಗಲಿಸಲು ಒಪ್ಪದಿರುವುದು ಈ ಭಾಗದಲ್ಲಿ ಸಹಜ. ತಲೆಯ ಸ್ಕ್ಯಾನಿಗೆ ಅದು ಎದೆಯ ಮೇಲೆ ಹಾಗೇ ಇದ್ದರೆ ತೊಂದರೆಯಿಲ್ಲ. ಎದೆ ಮತ್ತು ಹೊಟ್ಟೆಯ ಸ್ಕ್ಯಾನಿನಲ್ಲಿ ಎರಡೂ ಕೈಗಳನ್ನು ತಲೆಯ ಆಚೆಗೆ ಚಾಚಿ ಮಲಗಿಸುವುದರಿಂದ, ಸೂಜಿ ಹಾಕದ ಕೈಯ ಮುಷ್ಟಿಯಲ್ಲಿ ಕರಡಿಗೆಯನ್ನು ಹಿಡಿದುಕೊಂಡರೆ ಅದು ಚಿತ್ರದ ಹೊರಗುಳಿಯುತ್ತದೆ. ಸಿ.ಟಿ.ಯಲ್ಲಿ ಆಯಸ್ಕಾಂತ ಇಲ್ಲ. ಮೂಳೆಗೆ ಹಾಕಿದ ರಾಡು, ಪ್ಲೇಟು, ಹೃದಯದ ಸ್ಟೆಂಟ್ ಇದ್ದವರೂ ಮಾಡಿಸಿಕೊಳ್ಳಬಹುದು.

ಹಳೆಯ ಫಿಲ್ಮು, ವರದಿ, ಡಿಸ್ಚಾರ್ಜ್ ಕಾರ್ಡು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಆಧಾರ್ ಮತ್ತು ರೇಷನ್ ಕಾರ್ಡು, ಸರ್ಕಾರಿ ವೈದ್ಯರ ಶಿಫಾರಸು ಪತ್ರ ಜೊತೆಗಿರಬೇಕು. ಕಾಂಟ್ರಾಸ್ಟ್ ಇದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾದ್ದರಿಂದ ತಿಳಿವಳಿಕೆಯುಳ್ಳ ಒಬ್ಬರು ರೋಗಿಯ ಜೊತೆಗೆ ಬರುವುದು ಒಳ್ಳೆಯದು. ಆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳುವುದು ರೋಗಿಯ ಹಕ್ಕು.

ಚಿಕ್ಕ ಮಕ್ಕಳು ಅಲುಗಾಡದೆ ಮಲಗುವುದಿಲ್ಲ. ಕೂಸಿಗೆ ಹಾಲುಣಿಸಿ ನಿದ್ದೆ ಬರಿಸಿ ತಪಾಸಣೆ ಮುಗಿಸುವುದುಂಟು. ಅದಾಗದಿದ್ದರೆ ವೈದ್ಯರ ನಿಗಾದಲ್ಲಿ ನಿದ್ದೆಯ ಔಷಧ ಕೊಡುತ್ತಾರೆ, ಅದಕ್ಕೆ ಹೊಟ್ಟೆ ಖಾಲಿಯಿರಲೇಬೇಕು.

ತಪಾಸಣೆ ನಡೆಯುವ ಕ್ರಮ

ಕೋಣೆಯಲ್ಲಿ ಯಂತ್ರಕ್ಕಾಗಿ ತಂಪು ಹೆಚ್ಚಿಟ್ಟಿರುತ್ತಾರೆ. ಮುದುಕರಿಗೆ ಒಂದು ಹೊದಿಕೆ ಇದ್ದರೆ ಹಿತ. ಕಾಂಟ್ರಾಸ್ಟ್ ಇದ್ದರೆ ಮೊಣಕೈ ಮಡಿಕೆಯ ನರಕ್ಕೆ ಪ್ಲಾಸ್ಟಿಕ್ ಕೊಳವೆ ಕೂರಿಸುತ್ತಾರೆ. ಹೊಟ್ಟೆಯ ಸ್ಕ್ಯಾನಿಗೆ ಮುಕ್ಕಾಲು ತಾಸಿನಿಂದ ಒಂದು ತಾಸಿನವರೆಗೆ ಸ್ವಲ್ಪ ಸ್ವಲ್ಪವಾಗಿ ನೀರನ್ನೋ ಔಷಧ ಬೆರೆಸಿದ ನೀರನ್ನೋ ಕುಡಿಸುವುದೂ ಉಂಟು. ಕರುಳು ಹಿಗ್ಗಿ ಸ್ಪಷ್ಟವಾಗಿ ಕಾಣಲೆಂದು.

ಟೆಕ್ನಿಷಿಯನ್ ಮೇಜಿನ ಮೇಲೆ ಅಂಗಾತ ಮಲಗಿಸಿ, ಕೆಂಪು ಬೆಳಕಿನ ಗೆರೆ ನೋಡಿ ಜಾಗ ಹೊಂದಿಸಿ, ಸೀಸದ ಗಾಜಿನ ಕಿಟಕಿಯ ಆಚೆ ಹೋಗುತ್ತಾರೆ. ಅಲ್ಲಿಂದ ರೋಗಿ ಕಾಣುತ್ತಾರೆ, ಮೈಕಿನಲ್ಲಿ ಮಾತು ಕೇಳುತ್ತದೆ. ಮೊದಲು ಎಕ್ಸ್-ರೇಯಂಥ ಒಂದು ಚಪ್ಪಟೆ ಚಿತ್ರ. ಅದರ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಹಾಕಿದ ಬಳಿಕ ನಿಜವಾದ ಸ್ಕ್ಯಾನ್. ಎದೆ, ಹೊಟ್ಟೆಯ ತಪಾಸಣೆಯಲ್ಲಿ ಉಸಿರಿನ ಆಜ್ಞೆ ಮುಖ್ಯ. ಯಂತ್ರದ ಧ್ವನಿಮುದ್ರಿಕೆ ಬೇರೆ ಭಾಷೆಯದಾಗಿದ್ದರೆ ರೋಗಿ ತಪ್ಪು ಗಳಿಗೆಯಲ್ಲಿ ಉಸಿರು ಬಿಟ್ಟು ಚಿತ್ರ ಮಸುಕಾಗುತ್ತದೆ. ಮೊದಲೇ ಒಂದೆರಡು ಸಲ ‘ಉಸಿರು ಎಳಕೋರಿ, ಹಂಗ ಹಿಡೀರಿ, ಈಗ ಬಿಡ್ರಿ’ ಎಂದು ರೂಢಿ ಮಾಡಿಸಿದರೆ ಆ ತೊಂದರೆ ಇರುವುದಿಲ್ಲ. ಹಿಡಿಯಬೇಕಾದ್ದು ಐದರಿಂದ ಹದಿನೈದು ಸೆಕೆಂಡಷ್ಟೇ.

ಕಾಂಟ್ರಾಸ್ಟನ್ನು ಪಂಪಿನ ಮೂಲಕ ಸೆಕೆಂಡಿಗೆ 2ರಿಂದ 5 ಮಿ.ಲೀ. ವೇಗದಲ್ಲಿ ಬಿಡುತ್ತಾರೆ, ದೊಡ್ಡವರಿಗೆ ಒಟ್ಟು 60ರಿಂದ 120 ಮಿ.ಲೀ. ಒಳಹೋಗುತ್ತಿದ್ದಂತೆ ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿ ಹರಿದಂತೆ, ಬಾಯಿ ಕಂಚು ನೆಕ್ಕಿದಂತೆ, ಮೂತ್ರ ಹೋಗಿಯೇಬಿಟ್ಟಿತೇನೋ ಎಂಬಂತೆ ಅನಿಸುತ್ತದೆ. ಮೂತ್ರ ಹೋಗಿರುವುದಿಲ್ಲ; ಒಂದು ನಿಮಿಷದೊಳಗೆ ಎಲ್ಲ ಇಳಿಯುತ್ತದೆ. ಮೊದಲೇ ಹೇಳದಿದ್ದರೆ ಹೆದರಿ ಎದ್ದು ಕೂರುವವರಿದ್ದಾರೆ. ಸೂಜಿಯ ಜಾಗದಲ್ಲಿ ಉರಿ ಅಥವಾ ಬಾವು, ತುರಿಕೆ, ಗಂಟಲು ಬಿಗಿತ ಕಂಡರೆ ಕೂಡಲೇ ಕೂಗಿ ಹೇಳಬೇಕು. ಈಗ ಬಳಸುವ ನಾನ್-ಅಯಾನಿಕ್ ದ್ರವಗಳಲ್ಲಿ ತೀವ್ರ ಪ್ರತಿಕ್ರಿಯೆ ಹತ್ತು ಸಾವಿರಕ್ಕೆ ಸುಮಾರು ನಾಲ್ಕು ಎಂದು 1990ರಲ್ಲಿ ಪ್ರಕಟವಾದ ಜಪಾನಿನ ದೊಡ್ಡ ಅಧ್ಯಯನ ತೋರಿಸಿತು. ಹಳೆಯ ದ್ರವಗಳಲ್ಲಿ ಅದು ಐದು ಪಟ್ಟಿಗೂ ಹೆಚ್ಚಿತ್ತು.

ಸಾದಾ ತಲೆ ಸ್ಕ್ಯಾನ್ ಐದು ನಿಮಿಷದಲ್ಲಿ, ಕಾಂಟ್ರಾಸ್ಟಿನದು ಹದಿನೈದರಿಂದ ಮೂವತ್ತು ನಿಮಿಷದಲ್ಲಿ ಮುಗಿಯುತ್ತದೆ. ಬಳಿಕ ಅರ್ಧ ತಾಸು ಅಲ್ಲೇ ಕುಳಿತಿರಬೇಕು, ಕೈಯ ಕೊಳವೆ ಆಗ ತೆಗೆಯುತ್ತಾರೆ. ಬಸ್ ತಪ್ಪೀತೆಂದು ಈ ಅರ್ಧ ತಾಸನ್ನು ಬಿಟ್ಟು ಹೊರಡಬಾರದು. ಅಂದು ನೀರು ಹೆಚ್ಚು ಕುಡಿಯಬೇಕು; ಹೃದಯ ದುರ್ಬಲವಿದ್ದು ಅಥವಾ ಡಯಾಲಿಸಿಸ್‌ನಲ್ಲಿದ್ದು ನೀರಿನ ಮಿತಿ ಇರುವವರಿಗೆ ಈ ಮಾತು ಸಲ್ಲದು. ಮೈಮೇಲೆ ದದ್ದು ಒಂದೆರಡು ದಿನ ಬಿಟ್ಟು ಏಳುವುದೂ ಉಂಟು. ಹಾಗಾದರೆ ಹತ್ತಿರದ ಆಸ್ಪತ್ರೆಯಲ್ಲಿ ಕಾಂಟ್ರಾಸ್ಟ್ ಕೊಟ್ಟ ವಿಷಯ ಹೇಳಬೇಕು.

ವರದಿ ಮತ್ತು ಫಿಲ್ಮು

ಚಿತ್ರಗಳ ಸಂಖ್ಯೆ ನೂರಾರು. ಫಿಲ್ಮಿನ ಮೇಲೆ ಅಚ್ಚಾಗುವುದು ಆಯ್ದ ಕೆಲವು ಮಾತ್ರ. ಪೂರ್ಣ ಚಿತ್ರಗಳು ಸಿ.ಡಿ.ಯಲ್ಲಿ ಅಥವಾ ಕೇಂದ್ರದ ಕಂಪ್ಯೂಟರಿನಲ್ಲಿ ಇರುತ್ತವೆ. ಮುಂದೆ ಹುಬ್ಬಳ್ಳಿ ಅಥವಾ ಬೆಂಗಳೂರಿನ ತಜ್ಞರಿಗೆ ತೋರಿಸುವ ಸಂಭವವಿದ್ದರೆ ಸಿ.ಡಿ. ಕೇಳಿ ಪಡೆಯುವುದು ಉತ್ತಮ; ಇಲ್ಲವಾದರೆ ಸ್ಕ್ಯಾನ್ ಮತ್ತೊಮ್ಮೆ ಆಗಬಹುದು. ಶಾಖದಿಂದ ಮುದ್ರಿಸುವ ಒಣ ಫಿಲ್ಮುಗಳು ಬಿಸಿಲಿನ ಝಳಕ್ಕೆ ಕಪ್ಪಿಡುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಿಲ್ಲಿಸಿದ ಗಾಡಿಯೊಳಗೆ, ತಗಡಿನ ಮಾಡಿನ ಕೆಳಗೆ ಅವನ್ನು ಇಡಬಾರದು, ಮಡಚಲೂಬಾರದು.

ವಿಕಿರಣ ಮತ್ತು ಸುರಕ್ಷತೆ

ತಲೆಯ ಸಿ.ಟಿ.ಯಿಂದ ದೇಹಕ್ಕೆ ತಾಗುವ ವಿಕಿರಣದ ಪರಿಣಾಮಕಾರಿ ಪ್ರಮಾಣ ಸುಮಾರು 2 ಮಿಲಿಸೀವರ್ಟ್, ಎದೆಯದರಿಂದ 5ರಿಂದ 7, ಹೊಟ್ಟೆಯದರಿಂದ 8ರಿಂದ 10. ಮಣ್ಣು, ಗಾಳಿ, ಆಕಾಶದಿಂದ ನಿಸರ್ಗವೇ ಪ್ರತಿ ಮನುಷ್ಯನಿಗೆ ವರ್ಷಕ್ಕೆ ಕೊಡುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. 10 ಮಿಲಿಸೀವರ್ಟಿನ ಒಂದು ತಪಾಸಣೆಯಿಂದ ಮಾರಕ ಕ್ಯಾನ್ಸರಿನ ಸಂಭವ ಸುಮಾರು ಎರಡು ಸಾವಿರಕ್ಕೆ ಒಂದರಷ್ಟು ಏರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಂದಾಜಿಸಿದೆ. ಅಗತ್ಯವಿದ್ದಾಗ ಬಿಡಲು ಇದು ಕಾರಣವಲ್ಲ. ಸಾದಾ ತಲೆನೋವಿಗೆ ‘ಒಂದ್ಸಲ ಸ್ಕ್ಯಾನ್ ಮಾಡಿಸಿಬಿಡ್ರಿ’ ಎಂದು ರೋಗಿಯೇ ಒತ್ತಾಯಿಸುವುದಕ್ಕೆ ಮಾತ್ರ ಇದು ತಕ್ಕ ಉತ್ತರ. ಮಕ್ಕಳ ಜೀವಕೋಶಗಳು ವಿಕಿರಣಕ್ಕೆ ಹೆಚ್ಚು ಸೂಕ್ಷ್ಮವಾದ್ದರಿಂದ ತೂಕಕ್ಕೆ ತಕ್ಕಂತೆ ಕಿರಣವನ್ನು ತಗ್ಗಿಸಬೇಕು. ಸ್ಕ್ಯಾನ್ ಮುಗಿದ ಮೇಲೆ ರೋಗಿಯ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮನೆಯ ಕೂಸನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ.

ಭಾರತದಲ್ಲಿ ಸಿ.ಟಿ. ಯಂತ್ರ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಈ ಮಂಡಳಿ 1983ರಲ್ಲಿ ರಚನೆಯಾಯಿತು. ಪರಮಾಣು ಶಕ್ತಿ ವಿಕಿರಣ ಸಂರಕ್ಷಣಾ ನಿಯಮಗಳು 2004ರವು. ಸಿಬ್ಬಂದಿ ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜ್ ಧರಿಸುತ್ತಾರೆ. ಅವರ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ರೋಗಿಯನ್ನು ಹಿಡಿದುಕೊಳ್ಳಲೇಬೇಕಾದಾಗ ಒಳಗೆ ನಿಲ್ಲುವವರಿಗೆ ಸೀಸದ ಏಪ್ರನ್ ಕೊಡಬೇಕು, ಗರ್ಭಿಣಿಯನ್ನು ಆ ಕೆಲಸಕ್ಕೆ ನಿಲ್ಲಿಸಬಾರದು.

ಮೂರು ತಾಲ್ಲೂಕುಗಳ ಈಗಿನ ಸ್ಥಿತಿ

ರೋಣ ಮತ್ತು ನರಗುಂದ 1997ರವರೆಗೆ ಅವಿಭಜಿತ ಧಾರವಾಡ ಜಿಲ್ಲೆಯಲ್ಲಿದ್ದವು. ಆ ವರ್ಷ ಗದಗ ಜಿಲ್ಲೆ ರಚನೆಯಾಯಿತು. ಗಜೇಂದ್ರಗಡ ಇತ್ತೀಚೆಗೆ ರೋಣದಿಂದ ಬೇರ್ಪಟ್ಟ ತಾಲ್ಲೂಕು. ದೊಡ್ಡ ಕಾಯಿಲೆಗೆ ಹುಬ್ಬಳ್ಳಿ ಎಂಬ ಹಳೆಯ ರೂಢಿಗೆ ಆಡಳಿತದ ಜೊತೆಗೆ ರಸ್ತೆಯೂ ಕಾರಣ: ನರಗುಂದದಿಂದ ಹುಬ್ಬಳ್ಳಿ ಸುಮಾರು 55 ಕಿ.ಮೀ., ನವಲಗುಂದದ ಮೇಲೆ ನೇರ ಹೆದ್ದಾರಿ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರಲ್ಲಿ ಶುರುವಾದದ್ದು. ಜನ ಅದನ್ನು ಕಿಮ್ಸ್ ಎಂದೇ ಕರೆಯುತ್ತಾರೆ. ರೋಣದಿಂದ ಗದಗ ಸುಮಾರು 40 ಕಿ.ಮೀ.; ಗಜೇಂದ್ರಗಡದಿಂದ ನರೇಗಲ್ ಮೇಲೆ ಗದಗ 50 ಕಿ.ಮೀ.ಗೂ ಹೆಚ್ಚು. 2015ರಲ್ಲಿ ಆರಂಭವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜಿಮ್ಸ್, ಈ ಎರಡು ತಾಲ್ಲೂಕುಗಳಿಗೆ ಹತ್ತಿರದ ಸರ್ಕಾರಿ ಬೋಧನಾ ಆಸ್ಪತ್ರೆ. ಗಜೇಂದ್ರಗಡದ ಅಂಚಿನ ಹಳ್ಳಿಗಳವರು ಕೊಪ್ಪಳ, ಬಾಗಲಕೋಟೆಗೂ ಹೋಗುತ್ತಾರೆ.

ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2015ರಲ್ಲಿ ಬಂದ ಉಚಿತ ರೋಗನಿದಾನ ಸೇವೆಯ ಮಾರ್ಗಸೂಚಿ ಜಿಲ್ಲಾ ಆಸ್ಪತ್ರೆಗಳಲ್ಲಿ ಸಿ.ಟಿ.ಯನ್ನೂ ಒಳಗೊಂಡಿದೆ. ಕರ್ನಾಟಕದ ಆರೋಗ್ಯ ಕರ್ನಾಟಕ ಯೋಜನೆ 2018ರ ಮಾರ್ಚಿನಲ್ಲಿ ಆರಂಭವಾಗಿ ಅದೇ ವರ್ಷ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ರಕ್ಷಣೆಯಿದ್ದು, ದಾಖಲಾಗಿ ಚಿಕಿತ್ಸೆ ಪಡೆಯುವಾಗ ತಪಾಸಣೆಗಳು ಪ್ಯಾಕೇಜಿನಲ್ಲಿ ಸೇರುತ್ತವೆ. ತುರ್ತು ಅಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಆ ಪತ್ರವಿಲ್ಲದೆ ನೇರವಾಗಿ ಹೊರಟವರು ಹಣ ಕೈಯಿಂದ ಕೊಡಬೇಕಾಗುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ 2016ರ ‘ಮುಖ್ಯಮಂತ್ರಿಗಳ ಸಾಂತ್ವನ–ಹರೀಶ್’ ಯೋಜನೆ ಮೊದಲ 48 ತಾಸುಗಳಿಗೆ 25,000 ರೂ.ವರೆಗಿನ ಚಿಕಿತ್ಸೆಯನ್ನು ಒದಗಿಸುವಂತೆ ರೂಪಿಸಲಾಯಿತು. 2008ರಿಂದ ಓಡುತ್ತಿರುವ 108 ಆಂಬುಲೆನ್ಸ್ ತಲೆಪೆಟ್ಟು ಮತ್ತು ಲಕ್ವದ ರೋಗಿಗಳಿಗೆ ಬಾಡಿಗೆ ಗಾಡಿಗಿಂತ ಮೇಲು, ಆಮ್ಲಜನಕ ಮತ್ತು ತರಬೇತಿ ಪಡೆದ ಸಿಬ್ಬಂದಿ ಅದರಲ್ಲಿರುವುದರಿಂದ.

ಕೋವಿಡ್ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಬಿ.ಪಿ.ಎಲ್. ಕುಟುಂಬದವರಿಗೆ ಖಾಸಗಿ ಕೇಂದ್ರಗಳ ಎದೆ ಸಿ.ಟಿ.ಯ ಗರಿಷ್ಠ ದರವನ್ನು ರಾಜ್ಯ ಸರ್ಕಾರ 1,500 ರೂ.ಗೆ ನಿಗದಿಪಡಿಸಿತು. ಸಾಮಾನ್ಯ ದಿನಗಳಲ್ಲಿ ಖಾಸಗಿ ದರ ಕೇಂದ್ರದಿಂದ ಕೇಂದ್ರಕ್ಕೆ ಬೇರೆ; ಕಾಂಟ್ರಾಸ್ಟ್, ಫಿಲ್ಮು, ಕ್ರಿಯಾಟಿನಿನ್ ಪರೀಕ್ಷೆಯ ಹಣ ಹೇಳಿದ ದರದೊಳಗೆ ಸೇರಿದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳುವುದು ವಾಡಿಕೆ.

ರೇಡಿಯಾಲಜಿಸ್ಟರು ದೊಡ್ಡ ಊರುಗಳಲ್ಲೇ ನೆಲೆಸಿರುವುದರಿಂದ ಚಿತ್ರಗಳನ್ನು ಅಂತರ್ಜಾಲದ ಮೂಲಕ ಕಳಿಸಿ ವರದಿ ತರಿಸಿಕೊಳ್ಳುವ ಟೆಲಿರೇಡಿಯಾಲಜಿ ಸಣ್ಣ ಊರುಗಳ ಕೇಂದ್ರಗಳಿಗೆ ಆಸರೆಯಾಗಿದೆ. ಯಂತ್ರದ ಕಡೆಯಿಂದ ಈಚಿನ ಬದಲಾವಣೆ 2021ರಲ್ಲಿ ಆಸ್ಪತ್ರೆಗಳಿಗೆ ಬಂದ ಫೋಟಾನ್ ಎಣಿಸುವ ಸಿ.ಟಿ.; ಕಡಿಮೆ ವಿಕಿರಣದಲ್ಲಿ ಇನ್ನೂ ಸೂಕ್ಷ್ಮ ಚಿತ್ರ ಕೊಡುವ ಈ ಯಂತ್ರಗಳು ಸದ್ಯ ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ಎಟುಕುವ ಬೆಲೆಯವು.